ಸೊಂಟದ ಹಚ್ಚೆ: ಬೆನ್ನಿನ ಅರಿವಳಿಕೆಗೆ ಅಡ್ಡಿಯೇ?

ಹುನಗುಂದ: ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ಉತ್ತರ ಕರ್ನಾಟಕದಲ್ಲಿ ಇಂದಿಗೂ ಉಳಿದುಕೊಂಡಿರುವ ಪದ್ಧತಿ. ಕುಬಸದ ಕಾರ್ಯ ಮುಗಿಸಿಕೊಂಡು ಬೆಂಗಳೂರು, ಪುಣೆ, ಗೋವಾಗಳಿಂದ ಹುನಗುಂದ, ಇಳಕಲ್ ಕಡೆಯ ತವರುಮನೆಗೆ ಮರಳುವ ಹೆಣ್ಣುಮಕ್ಕಳಲ್ಲಿ ಕೆಲವರ ಸೊಂಟದ ಮೇಲೆ ನಗರದಲ್ಲಿ ಹಾಕಿಸಿಕೊಂಡ ಟ್ಯಾಟೂ ಇರುತ್ತದೆ. ಹೆರಿಗೆ ಸಮಯದಲ್ಲಿ ಬೆನ್ನಿಗೆ ಸೂಜಿ ಚುಚ್ಚಬೇಕಾದ ಜಾಗವೂ ಅದೇ. ಬಣ್ಣ ತುಂಬಿದ ಚರ್ಮದ ಮೂಲಕ ಸೂಜಿ ಹಾಯ್ದರೆ ಆ ಬಣ್ಣ ನರಗಳ ತನಕ ಹೋಗಿ ಅಪಾಯ ತಂದೀತೇ ಎಂಬ ಅಳುಕು ಸಹಜವಾದದ್ದೇ.

ಈ ಪ್ರಶ್ನೆಗೆ ವೈದ್ಯವಿಜ್ಞಾನ ಇದುವರೆಗೆ ಕಂಡುಕೊಂಡಿರುವ ಉತ್ತರ ಸಮಾಧಾನಕರವಾಗಿಯೇ ಇದೆ. ಗಾಯ ಪೂರ್ತಿ ಮಾಗಿದ, ಸೋಂಕಿಲ್ಲದ ಹಚ್ಚೆ ಬೆನ್ನಿನ ಅರಿವಳಿಕೆಗೆ ಅಡ್ಡಿಯಲ್ಲ. ಆದರೆ ಹಚ್ಚೆ ಇರುವ ಸಂಗತಿ ವೈದ್ಯರಿಗೆ ಮೊದಲೇ ತಿಳಿದಿರಬೇಕು. ಹೆರಿಗೆ ಕೊಠಡಿಯ ಗಡಿಬಿಡಿಯಲ್ಲಿ ಅದು ಹೊಸ ಸುದ್ದಿಯಾಗಬಾರದು.

ಏನಿದು ಎಪಿಡ್ಯೂರಲ್?

ಜನರು 'ಬೆನ್ನಿನ ಇಂಜೆಕ್ಷನ್' ಎಂದು ಕರೆಯುವ ಅರಿವಳಿಕೆಯಲ್ಲಿ ಮುಖ್ಯವಾಗಿ ಎರಡು ವಿಧಗಳಿವೆ. ಒಂದು ಸ್ಪೈನಲ್, ಇನ್ನೊಂದು ಎಪಿಡ್ಯೂರಲ್. ಎರಡರಲ್ಲೂ ಸೂಜಿ ಹೋಗುವುದು ಸೊಂಟದ ಭಾಗದ ಎರಡು ಕಶೇರುಗಳ ನಡುವಿನ ಸಂದಿನಲ್ಲಿ. ವಯಸ್ಕರಲ್ಲಿ ಬೆನ್ನುಹುರಿಯು ಸೊಂಟದ ಮೊದಲ ಮತ್ತು ಎರಡನೆಯ ಕಶೇರುಗಳ ಮಟ್ಟದಲ್ಲೇ ಕೊನೆಗೊಳ್ಳುತ್ತದೆ. ಆದ್ದರಿಂದ ಅದಕ್ಕಿಂತ ಕೆಳಗಿನ ಸಂದನ್ನೇ ವೈದ್ಯರು ಆರಿಸಿಕೊಳ್ಳುತ್ತಾರೆ.

ಸ್ಪೈನಲ್ ವಿಧಾನದಲ್ಲಿ ಬೆನ್ನುಹುರಿಯನ್ನು ಸುತ್ತುವರಿದ ಡ್ಯೂರಾ ಎಂಬ ಪೊರೆಯನ್ನು ದಾಟಿ, ಒಳಗಿನ ದ್ರವಕ್ಕೆ ಒಂದೇ ಬಾರಿ ಔಷಧ ಸೇರಿಸಲಾಗುತ್ತದೆ. ಸೂಜಿ ಸುಮಾರು ಅರ್ಧ ಮಿಲಿಮೀಟರ್ ದಪ್ಪ ಮಾತ್ರ. ಕೆಲವೇ ನಿಮಿಷಗಳಲ್ಲಿ ಸೊಂಟದ ಕೆಳಗಿನ ಭಾಗ ಮರಗಟ್ಟುತ್ತದೆ. ಸಿಸೇರಿಯನ್ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಬಳಸುವುದು ಇದನ್ನೇ. 1898ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಶಸ್ತ್ರವೈದ್ಯ ಆಗಸ್ಟ್ ಬಿಯರ್ ಈ ವಿಧಾನವನ್ನು ಮೊದಲು ಶಸ್ತ್ರಚಿಕಿತ್ಸೆಗೆ ಬಳಸಿದರು.

ಎಪಿಡ್ಯೂರಲ್ ವಿಧಾನದಲ್ಲಿ ಸೂಜಿ ಆ ಪೊರೆಯನ್ನು ದಾಟುವುದಿಲ್ಲ. ಪೊರೆಯ ಹೊರಗಿನ ಕಿರಿದಾದ ಜಾಗದಲ್ಲಿಯೇ ನಿಲ್ಲುತ್ತದೆ. ಚರ್ಮದಿಂದ ಈ ಜಾಗ ಬಹುತೇಕರಲ್ಲಿ ನಾಲ್ಕರಿಂದ ಆರು ಸೆಂಟಿಮೀಟರ್ ಆಳದಲ್ಲಿರುತ್ತದೆ. ಸೂಜಿಯ ಮೂಲಕ ತೆಳುವಾದ ಪ್ಲಾಸ್ಟಿಕ್ ನಳಿಕೆಯನ್ನು ಒಳಗೆ ತೂರಿಸಿ, ಸೂಜಿಯನ್ನು ಹೊರತೆಗೆಯಲಾಗುತ್ತದೆ. ಬಳಿಕ ಗಂಟೆಗಟ್ಟಲೆ ಬೇಕಾದಾಗಲೆಲ್ಲ ಆ ನಳಿಕೆಯಿಂದಲೇ ಔಷಧ ಕೊಡಬಹುದು. ಹೆರಿಗೆ ನೋವನ್ನು ತಗ್ಗಿಸಲು ಇದು ಅತ್ಯಂತ ಪರಿಣಾಮಕಾರಿ. ಸೊಂಟದ ಎಪಿಡ್ಯೂರಲ್ ವಿಧಾನವನ್ನು 1921ರಲ್ಲಿ ಮೊದಲಿಗೆ ವಿವರಿಸಿದವರು ಸ್ಪೇನ್‌ನ ಸೇನಾ ಶಸ್ತ್ರವೈದ್ಯ ಫಿಡೆಲ್ ಪಾಹೆಸ್. ನಳಿಕೆ ತೂರಿಸಬೇಕಾದ್ದರಿಂದ ಎಪಿಡ್ಯೂರಲ್ ಸೂಜಿ ದಪ್ಪ, ಸುಮಾರು 1.3 ಮಿಲಿಮೀಟರ್. ಹಚ್ಚೆಯ ಚರ್ಚೆಯಲ್ಲಿ ಈ ದಪ್ಪಕ್ಕೆ ಮಹತ್ವವಿದೆ.

ನೋವುರಹಿತ ಹೆರಿಗೆಗಾಗಿ ಎಪಿಡ್ಯೂರಲ್ ನೀಡಲು ಅರಿವಳಿಕೆ ತಜ್ಞರು ಹಗಲಿರುಳೂ ಲಭ್ಯವಿರಬೇಕು. ಹೀಗಾಗಿ ಈ ಸೌಲಭ್ಯ ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಸಿಗುತ್ತದೆ. ತಾಲ್ಲೂಕು ಮಟ್ಟದಲ್ಲಿ ಗರ್ಭಿಣಿಗೆ ಎದುರಾಗುವುದು ಬಹುತೇಕ ಸಿಸೇರಿಯನ್ ವೇಳೆಯ ಸ್ಪೈನಲ್ ಸೂಜಿ. ಹಚ್ಚೆಯ ಪ್ರಶ್ನೆ ಎರಡಕ್ಕೂ ಅನ್ವಯಿಸುತ್ತದೆ.

ಹಳ್ಳಿಯ ಹಚ್ಚೆ, ಪೇಟೆಯ ಟ್ಯಾಟೂ

ಹಚ್ಚೆ ಈ ಭಾಗಕ್ಕೆ ಹೊಸದಲ್ಲ. ಅಜ್ಜಿಯರ ಹಣೆ, ಗದ್ದ, ಮುಂಗೈಗಳ ಮೇಲಿನ ಹಸಿರು ಚುಕ್ಕಿ, ತುಳಸಿಕಟ್ಟೆ, ತೊಟ್ಟಿಲು, ದೇವರ ಹೆಸರುಗಳನ್ನು ನೋಡದವರು ಕಡಿಮೆ. ಹಚ್ಚೆ ಹಾಕುವುದನ್ನು ಕುಲಕಸುಬಾಗಿ ಉಳಿಸಿಕೊಂಡು ಬಂದವರು ಕೊರವಂಜಿಯರು ಹಾಗೂ ಇತರ ಅಲೆಮಾರಿ ಸಮುದಾಯಗಳ ಮಹಿಳೆಯರು. ದೀಪದ ಕಾಡಿಗೆಗೆ ಎಲೆಯ ರಸ ಬೆರೆಸಿ, ಕಟ್ಟಿದ ಸೂಜಿಗಳಿಂದ ಚುಚ್ಚುವುದು ಅವರ ಕ್ರಮ. ತಾಂಡಾಗಳ ಲಂಬಾಣಿ ಮಹಿಳೆಯರಲ್ಲೂ ಮುಖ ಮತ್ತು ಕೈಗಳ ಮೇಲೆ ಹಚ್ಚೆ ಹಾಕಿಸಿಕೊಳ್ಳುವ ವಾಡಿಕೆಯಿದೆ.

ಈ ಸಾಂಪ್ರದಾಯಿಕ ಹಚ್ಚೆಗಳು ಸಾಮಾನ್ಯವಾಗಿ ಎದ್ದು ಕಾಣುವ ಅಂಗಗಳ ಮೇಲಿರುತ್ತವೆ; ಸೊಂಟದ ಮೇಲಲ್ಲ. ಹಾಗಾಗಿ ಬೆನ್ನಿನ ಅರಿವಳಿಕೆಗೂ ಅವಕ್ಕೂ ಸಂಬಂಧ ಬರುತ್ತಿರಲಿಲ್ಲ. ಸೊಂಟದ ನಟ್ಟನಡುವೆ, ಬೆನ್ನುಮೂಳೆಯ ಮೇಲೆಯೇ ಬರುವಂತೆ ಚಿತ್ತಾರ ಬಿಡಿಸುವುದು ನಗರದ ಟ್ಯಾಟೂ ಅಂಗಡಿಗಳ ಜೊತೆ ಬಂದ ಫ್ಯಾಷನ್. ಪಾಶ್ಚಾತ್ಯ ದೇಶಗಳಲ್ಲಿ 1990ರ ದಶಕದ ಕೊನೆಯಿಂದ ಅದು ಯುವತಿಯರಲ್ಲಿ ವ್ಯಾಪಕವಾಯಿತು. ಅದೇ ಯುವತಿಯರು ಕೆಲ ವರ್ಷಗಳ ನಂತರ ಹೆರಿಗೆಗೆ ಬಂದಾಗ ಅರಿವಳಿಕೆ ತಜ್ಞರ ಮುಂದೆ ಈ ಪ್ರಶ್ನೆ ಎದ್ದಿತು.

ಬಣ್ಣ ನಿಲ್ಲುವುದೆಲ್ಲಿ?

ಹಚ್ಚೆಯ ಬಣ್ಣ ಉಳಿಯುವುದು ಚರ್ಮದ ಎರಡನೆಯ ಪದರದಲ್ಲಿ, ಅಂದರೆ ಒಳಚರ್ಮದಲ್ಲಿ. ಮೇಲ್ಮೈಯಿಂದ ಇದರ ಆಳ ಒಂದೆರಡು ಮಿಲಿಮೀಟರ್ ಮಾತ್ರ. ಹೊರಚರ್ಮದ ಕೋಶಗಳು ಉದುರಿ ಹೊಸದಾಗುತ್ತಲೇ ಇರುತ್ತವೆ. ಒಳಚರ್ಮದಲ್ಲಾದರೋ ಬಣ್ಣದ ಕಣಗಳನ್ನು ದೇಹದ ರಕ್ಷಕ ಕೋಶಗಳು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಹಚ್ಚೆ ಜೀವಮಾನವಿಡೀ ಅಳಿಯದಿರಲು ಇದೇ ಕಾರಣ.

ಬಣ್ಣಗಳಲ್ಲಿ ಇಂಗಾಲದ ಮಸಿ, ಲೋಹಗಳ ಆಕ್ಸೈಡ್‌ಗಳು ಹಾಗೂ ಕೃತಕ ಸಾವಯವ ವರ್ಣದ್ರವ್ಯಗಳಿರುತ್ತವೆ. ಯಾವ ಬಾಟಲಿಯಲ್ಲಿ ಏನಿದೆ ಎಂಬುದು ಹಾಕಿಸಿಕೊಳ್ಳುವವರಿಗೆ ತಿಳಿಯುವುದು ಅಪರೂಪ. ಐರೋಪ್ಯ ಒಕ್ಕೂಟವು 2022ರ ಜನವರಿಯಿಂದ ಟ್ಯಾಟೂ ಬಣ್ಣಗಳಲ್ಲಿ ಸಾವಿರಾರು ರಾಸಾಯನಿಕಗಳ ಬಳಕೆಯನ್ನು ನಿರ್ಬಂಧಿಸಿದೆ. ಇಂತಹ ಬಣ್ಣ ಚರ್ಮದಲ್ಲಿ ಇರುವುದು ಬೇರೆ, ನರಗಳ ಸಮೀಪ ಸೇರುವುದು ಬೇರೆ. ವೈದ್ಯರ ಕಾಳಜಿ ಇದ್ದದ್ದು ಎರಡನೆಯದರ ಬಗ್ಗೆ.

ಆತಂಕದ ಮೂಲ

ಟೊಳ್ಳು ಸೂಜಿ ಚರ್ಮವನ್ನು ತೂರುವಾಗ ತನ್ನ ಬಾಯಲ್ಲಿ ಅಂಗಾಂಶದ ಸಣ್ಣ ಚೂರೊಂದನ್ನು ಕತ್ತರಿಸಿಕೊಂಡು ಒಳಗೆ ಒಯ್ಯಬಲ್ಲದು. ಇದು ಬರೀ ಊಹೆಯಲ್ಲ. ಹಿಂದೆ ಒಳಕಡ್ಡಿಯಿಲ್ಲದ ಸೂಜಿಗಳಿಂದ ಬೆನ್ನಿನ ನೀರು ತೆಗೆಸಿಕೊಂಡ ಕೆಲವು ರೋಗಿಗಳಲ್ಲಿ, ಅದರಲ್ಲೂ ಮಕ್ಕಳಲ್ಲಿ, ಹೀಗೆ ಒಳಸೇರಿದ ಚರ್ಮದ ಕೋಶಗಳು ವರ್ಷಗಳ ನಂತರ ಗಡ್ಡೆಯಾಗಿ ಬೆಳೆದ ನಿದರ್ಶನಗಳಿವೆ. ಸೂಜಿಯ ರಂಧ್ರವನ್ನು ಮುಚ್ಚುವ ಒಳಕಡ್ಡಿ ಬಳಕೆಗೆ ಬಂದ ಮೇಲೆ ಈ ತೊಂದರೆ ಅತ್ಯಂತ ವಿರಳವಾಗಿದೆ. ಚರ್ಮದ ಚೂರು ಹೋಗಬಹುದಾದರೆ ಅದರಲ್ಲಿನ ಬಣ್ಣವೂ ಹೋಗಬಹುದಲ್ಲವೇ ಎಂಬುದು ತರ್ಕ.

ಈ ತರ್ಕವನ್ನು ವೈದ್ಯಕೀಯ ಸಾಹಿತ್ಯದಲ್ಲಿ ಮೊದಲು ಗಂಭೀರವಾಗಿ ಚರ್ಚೆಗೆ ತಂದದ್ದು ಕೆನಡಾದ ವ್ಯಾಂಕೂವರ್‌ನ ವೈದ್ಯೆಯರಾದ ಜೋಆನ್ ಡಗ್ಲಸ್ ಮತ್ತು ಜೀನ್ ಸ್ವೆನರ್ಟನ್. ಸೊಂಟದ ಮೇಲೆ ಹಚ್ಚೆಯಿದ್ದ ಮೂವರು ಗರ್ಭಿಣಿಯರಿಗೆ ಎಪಿಡ್ಯೂರಲ್ ನೀಡಿದ ಅನುಭವವನ್ನು ಅವರು 2002ರಲ್ಲಿ ಕೆನಡಾದ ಅರಿವಳಿಕೆ ನಿಯತಕಾಲಿಕದಲ್ಲಿ ಪ್ರಕಟಿಸಿದರು. ಹಚ್ಚೆಯ ಕಾರಣದಿಂದ ಹಾನಿಯಾದ ಪ್ರಕರಣ ಅವರ ಹುಡುಕಾಟದಲ್ಲಿ ಸಿಗಲಿಲ್ಲ. ಆದರೂ ಅಪಾಯವನ್ನು ಸೈದ್ಧಾಂತಿಕವಾಗಿ ಅಲ್ಲಗಳೆಯಲಾಗದ ಕಾರಣ, ಸಾಧ್ಯವಾದಾಗ ಬಣ್ಣದ ಜಾಗವನ್ನು ತಪ್ಪಿಸುವುದು ಲೇಸು ಎಂಬ ಎಚ್ಚರಿಕೆಯ ಮಾತನ್ನು ಸೇರಿಸಿದರು.

ಮುಂದೆ ಈ ಎಚ್ಚರಿಕೆಯೇ ಬಾಯಿಂದ ಬಾಯಿಗೆ ಹರಡಿ, 'ಟ್ಯಾಟೂ ಇದ್ದರೆ ಎಪಿಡ್ಯೂರಲ್ ಕೊಡುವುದಿಲ್ಲ' ಎಂಬ ನಿಯಮದಂತೆ ಕೇಳಿಬರತೊಡಗಿತು. ಮೂಲದಲ್ಲಿ ಅಂಥ ನಿಷೇಧವೇನೂ ಇರಲಿಲ್ಲ.

ಎರಡು ದಶಕಗಳ ಅನುಭವ

ಅಲ್ಲಿಂದೀಚೆಗೆ ಎರಡು ದಶಕಗಳು ಕಳೆದಿವೆ. ಈ ಅವಧಿಯಲ್ಲಿ ಸೊಂಟದ ಮೇಲೆ ಹಚ್ಚೆಯಿದ್ದ ಅಸಂಖ್ಯ ಮಹಿಳೆಯರು ಜಗತ್ತಿನಾದ್ಯಂತ ಬೆನ್ನಿನ ಅರಿವಳಿಕೆ ಪಡೆದಿದ್ದಾರೆ. ಸೂಜಿಯೊಡನೆ ಹೋದ ಬಣ್ಣದಿಂದಲೇ ನರಗಳಿಗೆ ಶಾಶ್ವತ ಹಾನಿಯಾಯಿತೆಂದು ಸಿದ್ಧಪಟ್ಟಿಲ್ಲ. ಚುಚ್ಚಿದ ಜಾಗದಲ್ಲಿ ಕೆಲಕಾಲ ಉರಿ, ನೋವು ಕಾಣಿಸಿಕೊಂಡು ತಾನಾಗಿಯೇ ಶಮನವಾದ ವರದಿಯಿದೆ. ಇದಕ್ಕೆ ತದ್ವಿರುದ್ಧವಾಗಿ, ಸೊಂಟದ ಹಚ್ಚೆಯೇ ಸ್ಪೈನಲ್ ಸೂಜಿಗೆ ದಾರಿ ತೋರಿಸುವ ಗುರುತಾಗಿ ನೆರವಾದ ಪ್ರಸಂಗವೊಂದು 2009ರಲ್ಲಿ ಪ್ರಸೂತಿ ಅರಿವಳಿಕೆಯ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ದಾಖಲಾಗಿದೆ.

ಪ್ರಯೋಗಾಲಯದ ಚಿತ್ರ ಮಾತ್ರ ಇಷ್ಟು ಸರಳವಾಗಿಲ್ಲ. ಬ್ರೆಜಿಲ್‌ನ ಸಂಶೋಧಕರು ಮೊಲಗಳ ಬೆನ್ನಿನ ಮೇಲೆ ಹಚ್ಚೆ ಹಾಕಿ, ಅದರ ಮೂಲಕ ಸ್ಪೈನಲ್ ಸೂಜಿ ಚುಚ್ಚಿ ಪರಿಶೀಲಿಸಿದಾಗ, ಕೆಲವು ಮೊಲಗಳ ಬೆನ್ನುಹುರಿಯ ಪೊರೆಗಳಲ್ಲಿ ಉರಿಯೂತದ ಲಕ್ಷಣ ಕಂಡುಬಂದಿತು. ಮೊಲದ ಶರೀರದಲ್ಲಿ ಕಂಡದ್ದನ್ನು ಮನುಷ್ಯರಿಗೆ ನೇರವಾಗಿ ಅನ್ವಯಿಸುವಂತಿಲ್ಲ. ಆದರೆ 'ಆದಷ್ಟು ಬಣ್ಣ ತಪ್ಪಿಸಿ' ಎಂಬ ಸಲಹೆಯನ್ನು ಕೈಬಿಡದಿರಲು ಇಂತಹ ಫಲಿತಾಂಶಗಳೇ ಆಧಾರ.

ಬೆನ್ನಿನ ಅರಿವಳಿಕೆಯ ಒಟ್ಟಾರೆ ಅಪಾಯ ಎಷ್ಟೆಂಬುದನ್ನೂ ಇಲ್ಲಿ ಗಮನಿಸಬೇಕು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಅನಸ್ಥೆಟಿಸ್ಟ್ಸ್ ಏಳು ಲಕ್ಷಕ್ಕೂ ಹೆಚ್ಚು ಸ್ಪೈನಲ್, ಎಪಿಡ್ಯೂರಲ್ ಚುಚ್ಚುಮದ್ದುಗಳನ್ನು ಲೆಕ್ಕಕ್ಕೆ ತೆಗೆದುಕೊಂಡು 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಶಾಶ್ವತ ಹಾನಿಯ ಪ್ರಮಾಣ ಒಂದು ಲಕ್ಷಕ್ಕೆ ಸುಮಾರು 2ರಿಂದ 4. ಹೆರಿಗೆಗೆ ಬಂದವರಲ್ಲಿ ಈ ಪ್ರಮಾಣ ಇನ್ನೂ ಕಡಿಮೆ.

ವೈದ್ಯರು ಅನುಸರಿಸುವ ಕ್ರಮ

ಹಚ್ಚೆ ಕಂಡಾಗ ಅರಿವಳಿಕೆ ತಜ್ಞರು ಮಾಡುವ ಮೊದಲ ಕೆಲಸ ಖಾಲಿ ಜಾಗ ಹುಡುಕುವುದು. ಎಷ್ಟೇ ದಟ್ಟವಾದ ಚಿತ್ತಾರವಾದರೂ ಎಲೆ, ಬಳ್ಳಿಗಳ ನಡುವೆ ಬಣ್ಣವಿಲ್ಲದ ಚರ್ಮ ಅಲ್ಲಲ್ಲಿ ಉಳಿದಿರುತ್ತದೆ. ಸೂಜಿಗೆ ಬೇಕಾದುದು ಒಂದೆರಡು ಮಿಲಿಮೀಟರ್ ಜಾಗ ಅಷ್ಟೇ. ಅದು ಸಿಗದಿದ್ದರೆ ಒಂದು ಸಂದು ಮೇಲೆ ಅಥವಾ ಕೆಳಗೆ ಸರಿಯಬಹುದು. ಇಲ್ಲವೇ ನಡುಗೆರೆಯನ್ನು ಬಿಟ್ಟು ಪಕ್ಕದಿಂದ ಓರೆಯಾಗಿ ಸೂಜಿ ಹಾಕಬಹುದು.

ಸೊಂಟವಿಡೀ ಬಣ್ಣ ತುಂಬಿದ್ದರೂ ದಾರಿಯಿದೆ. ಜಾಗ ಮರಗಟ್ಟಿಸಿದ ಬಳಿಕ ಬ್ಲೇಡಿನ ಮೊನೆಯಿಂದ ಚರ್ಮದಲ್ಲಿ ಸಣ್ಣ ಗೀರು ಹಾಕಿ, ಆ ಬಿರುಕಿನಲ್ಲಿ ಸೂಜಿ ಇಳಿಸಲಾಗುತ್ತದೆ. ಆಗ ಸೂಜಿಯ ಬಾಯಿ ಬಣ್ಣದ ಪದರವನ್ನು ಕತ್ತರಿಸಿಕೊಂಡು ಹೋಗುವ ಸಂಭವ ಕಡಿಮೆಯಾಗುತ್ತದೆ. ಒಳಕಡ್ಡಿಯಿರುವ ಸೂಜಿಯನ್ನೇ ಬಳಸುವುದು ಇನ್ನೊಂದು ರಕ್ಷಣೆ.

ಹಚ್ಚೆಯಿಂದ ಜಾಗ ಗುರುತಿಸುವುದು ಕಷ್ಟವಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಎರಡೂ ಬದಿಯ ಸೊಂಟದ ಮೂಳೆಗಳ ಮೇಲಂಚನ್ನು ಸೇರಿಸುವ ಕಾಲ್ಪನಿಕ ಗೆರೆಯು ಸುಮಾರಾಗಿ ನಾಲ್ಕನೆಯ ಕಶೇರುವಿನ ಮಟ್ಟದಲ್ಲಿ ಹಾಯುತ್ತದೆ. ವೈದ್ಯರು ಸಂದನ್ನು ಪತ್ತೆಹಚ್ಚುವುದು ಈ ಗೆರೆಯ ಆಧಾರದಿಂದ ಮತ್ತು ಬೆರಳಿನ ಸ್ಪರ್ಶದಿಂದ. ಚರ್ಮದ ಬಣ್ಣ ಅದಕ್ಕೆ ತೊಡಕಾಗುವುದಿಲ್ಲ.

ಯಾವಾಗ ಎಚ್ಚರ ಅಗತ್ಯ?

ಹೊಸ ಹಚ್ಚೆಯ ವಿಷಯ ಬೇರೆ. ಹಾಕಿಸಿಕೊಂಡ ಕೆಲವು ವಾರಗಳ ತನಕ ಅದು ತೆರೆದ ಗಾಯವೇ ಸರಿ. ಮೇಲ್ಭಾಗ ಒಣಗಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಒಳಪದರ ಮಾಗಲು ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಕೆಂಪಡರಿದ, ಊದಿದ, ಕೀವು ತುಂಬಿದ ಜಾಗದಲ್ಲಿ ಬೆನ್ನಿಗೆ ಸೂಜಿ ಚುಚ್ಚುವುದಿಲ್ಲ. ಅಲ್ಲಿನ ಸೋಂಕು ಒಳಸೇರಿ ಮೆದುಳುಪೊರೆಯ ಉರಿಯೂತ ಅಥವಾ ಎಪಿಡ್ಯೂರಲ್ ಕುರುವಿಗೆ ಕಾರಣವಾಗುವ ಭಯವೇ ಇದಕ್ಕೆ ಕಾರಣ. ಈ ನಿಯಮ ಹಚ್ಚೆಗಷ್ಟೇ ಅಲ್ಲ, ಕುರು, ಗಾಯ, ಹಸಿಯಾದ ಬರೆಗೂ ಅನ್ವಯಿಸುತ್ತದೆ. ಸೊಂಟನೋವಿಗೆಂದು ಹಿಂದೆಂದೋ ಹಾಕಿಸಿದ ಬರೆಯ ಒಣಗಿದ ಕಲೆ ಮಾತ್ರ ಅಡ್ಡಿಯಾಗದು.

ಗರ್ಭಿಣಿಯರು ಹೆರಿಗೆ ಮುಗಿಯುವ ತನಕ ಹೊಸ ಹಚ್ಚೆ ಹಾಕಿಸಿಕೊಳ್ಳದಿರುವುದೇ ಕ್ಷೇಮ. ಜಾತ್ರೆಗಳಲ್ಲಿ ಒಂದೇ ಸೂಜಿಯಿಂದ ಹಲವರಿಗೆ ಹಾಕುವ ಹಚ್ಚೆಯಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಸೋಂಕು ತಗಲುವ ಸಾಧ್ಯತೆಯಿದೆ. ಇವು ತಾಯಿಯಿಂದ ಮಗುವಿಗೂ ದಾಟಬಲ್ಲವು. ಬಣ್ಣ ನರ ಸೇರುವ ಕಲ್ಪಿತ ಅಪಾಯಕ್ಕಿಂತ ಈ ಅಪಾಯ ಹೆಚ್ಚು ನೈಜವಾದದ್ದು.

ಬೆನ್ನಿನ ಅರಿವಳಿಕೆಗೆ ನಿಜವಾದ ಅಡ್ಡಿಗಳು ಬೇರೆಯೇ ಇವೆ. ರಕ್ತ ಹೆಪ್ಪುಗಟ್ಟದ ತೊಂದರೆ, ತೀರಾ ಕಡಿಮೆಯಾದ ಪ್ಲೇಟ್‌ಲೆಟ್, ರಕ್ತ ತೆಳುವಾಗಿಸುವ ಔಷಧಗಳ ಸೇವನೆ, ತೀವ್ರ ರಕ್ತಸ್ರಾವ ಅವುಗಳಲ್ಲಿ ಮುಖ್ಯ.

ಸೂಜಿ ಬೇಡವೆಂದರೆ?

ಹಚ್ಚೆಯ ಭಯದಿಂದ ಬೆನ್ನಿನ ಸೂಜಿಯನ್ನು ನಿರಾಕರಿಸಿದರೆ ಸಿಸೇರಿಯನ್‌ಗೆ ಉಳಿಯುವ ಮುಖ್ಯ ದಾರಿ ಪೂರ್ಣ ಅರಿವಳಿಕೆ. ಅಂದರೆ ಪ್ರಜ್ಞೆ ತಪ್ಪಿಸಿ, ಗಂಟಲಿಗೆ ನಳಿಕೆ ಹಾಕಿ ಉಸಿರಾಟ ನಡೆಸುವುದು. ಗರ್ಭಿಣಿಯರಲ್ಲಿ ಗಂಟಲಿನ ಒಳಭಾಗ ಊದಿಕೊಂಡಿರುವುದರಿಂದ ನಳಿಕೆ ಹಾಕುವುದು ಇತರರಿಗಿಂತ ಕಷ್ಟ. ಹೊಟ್ಟೆಯಲ್ಲಿನ ಆಹಾರ, ಆಮ್ಲ ಮೇಲೆ ಬಂದು ಶ್ವಾಸಕೋಶ ಸೇರುವ ಸಂಭವವೂ ಹೆಚ್ಚು. ಅಮೆರಿಕದ ಪ್ರಸೂತಿ ತಜ್ಞ ಕರ್ಟಿಸ್ ಮೆಂಡೆಲ್ಸನ್ 1946ರಲ್ಲೇ ಈ ಅಪಾಯವನ್ನು ವಿವರವಾಗಿ ದಾಖಲಿಸಿದ್ದರು. ಸಿಸೇರಿಯನ್‌ಗೆ ಬೆನ್ನಿನ ಅರಿವಳಿಕೆಯೇ ಮೊದಲ ಆಯ್ಕೆಯಾಗಿರುವುದು ಇಂತಹ ಕಾರಣಗಳಿಂದ. ತಾಯಿ ಎಚ್ಚರವಾಗಿದ್ದು, ಹುಟ್ಟಿದ ಕೂಡಲೇ ಮಗುವಿನ ಮುಖ ನೋಡಬಹುದೆಂಬುದು ಇನ್ನೊಂದು ಲಾಭ.

ಹೀಗೆ ತೂಗಿ ನೋಡಿದರೆ, ಎಲ್ಲಿಯೂ ಸಿದ್ಧಪಡದ ಅಪಾಯಕ್ಕೆ ಹೆದರಿ ಚೆನ್ನಾಗಿ ಗೊತ್ತಿರುವ ಅಪಾಯವನ್ನು ಮೈಮೇಲೆ ಎಳೆದುಕೊಂಡಂತಾಗುತ್ತದೆ. ತುರ್ತು ಸಿಸೇರಿಯನ್‌ನಲ್ಲಿ ಈ ವ್ಯತ್ಯಾಸ ತಾಯಿಯ ಜೀವಕ್ಕೇ ಸಂಬಂಧಿಸಿದ್ದು.

ಸೊಂಟನೋವಿನ ಅಪವಾದ

ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಜೀವನಪೂರ್ತಿ ಸೊಂಟನೋವು ತಪ್ಪದು ಎಂಬ ನಂಬಿಕೆ ರಾಜ್ಯದೆಲ್ಲೆಡೆ ಬೇರೂರಿದೆ. ಹಚ್ಚೆಯೂ ಇದ್ದರೆ ಮುಂದಿನ ನೋವಿಗೆಲ್ಲ ಅದೇ ಕಾರಣವೆಂದು ಬಗೆಯುವುದು ಸುಲಭ. ಎಪಿಡ್ಯೂರಲ್ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ಕಾಕ್ರೇನ್ ಪರಾಮರ್ಶೆಯಲ್ಲಿ, ಎಪಿಡ್ಯೂರಲ್ ಪಡೆದವರಿಗೂ ಪಡೆಯದವರಿಗೂ ದೀರ್ಘಕಾಲದ ಬೆನ್ನುನೋವಿನಲ್ಲಿ ಗಮನಾರ್ಹ ಅಂತರ ಕಂಡುಬಂದಿಲ್ಲ. ಸೂಜಿ ಚುಚ್ಚಿದಲ್ಲಿ ಕೆಲವು ದಿನ ನೋವಿರುವುದು ಸಹಜ. ಬಾಣಂತನದಲ್ಲಿ ಬಹುಕಾಲ ಉಳಿಯುವ ಸೊಂಟನೋವಿಗೆ ಗರ್ಭಾವಸ್ಥೆಯ ಭಾರ, ಸಡಿಲಗೊಂಡ ಕೀಲುಗಳು, ಮಗುವನ್ನು ಎತ್ತಿ ಹಾಲೂಡಿಸುವ ಭಂಗಿ ಮುಂತಾದವು ಕಾರಣ.

ಎಪಿಡ್ಯೂರಲ್ ವೇಳೆ ನೂರರಲ್ಲಿ ಸುಮಾರು ಒಬ್ಬರಿಗೆ ಸೂಜಿ ಆಕಸ್ಮಿಕವಾಗಿ ಪೊರೆಯನ್ನು ದಾಟಿ, ಎದ್ದು ಕುಳಿತಾಗ ಹೆಚ್ಚುವ ತಲೆನೋವು ಬರಬಹುದು. ಇದಕ್ಕೆ ಚಿಕಿತ್ಸೆಯಿದೆ. ಇದಕ್ಕೂ ಹಚ್ಚೆಗೂ ಸಂಬಂಧವಿಲ್ಲ.

ತವರಿಗೆ ಬರುವ ಮುನ್ನ

ನಗರದ ಆಸ್ಪತ್ರೆಯಲ್ಲಿ ಏಳೆಂಟು ತಿಂಗಳು ತಪಾಸಣೆ, ತವರೂರಿನಲ್ಲಿ ಹೆರಿಗೆ ಎಂಬ ಏರ್ಪಾಡಿನಲ್ಲಿ ಎಷ್ಟೋ ಮಾಹಿತಿ ನಡುವೆಯೇ ಕಳೆದುಹೋಗುತ್ತದೆ. ಹಿರಿಯರ ಎದುರು ಸೊಂಟದ ಟ್ಯಾಟೂ ವಿಷಯ ಎತ್ತಲು ಸಂಕೋಚಪಡುವವರೂ ಇದ್ದಾರೆ. ನೋವು ಶುರುವಾಗಿ, ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಬೆನ್ನು ಬಾಗಿಸಿ ಕುಳಿತ ಮೇಲೆ ಅದು ಬೆಳಕಿಗೆ ಬಂದರೆ ವಿವರಿಸಲು, ಯೋಚಿಸಲು ಯಾರಿಗೂ ಸಮಯವಿರುವುದಿಲ್ಲ.

ಇದಕ್ಕೆ ಪರಿಹಾರ ಕಷ್ಟವೇನಲ್ಲ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೆಯ ತಿಂಗಳ ನಂತರದ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ತವರಿಗೆ ಬಂದ ಬಳಿಕದ ಮೊದಲ ತಪಾಸಣೆಯಲ್ಲೇ ವಿಷಯ ತಿಳಿಸಿ, ತಾಯಿ ಕಾರ್ಡ್‌ನಲ್ಲಿ ಬರೆಸಿಕೊಂಡರೆ ಸಾಕು. ಹೆಚ್ಚಿನ ಸಲಹೆ ಬೇಕೆನಿಸಿದರೆ ಬಾಗಲಕೋಟೆಯಲ್ಲಿ ಜಿಲ್ಲಾಸ್ಪತ್ರೆಯಿದೆ, ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿಗೆ ಸೇರಿದ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಯೂ ಇದೆ.

ನೆನಪಿಡಬೇಕಾದ ಅಂಶಗಳು

* ಗಾಯ ಮಾಗಿದ, ಸೋಂಕಿಲ್ಲದ ಹಚ್ಚೆಯ ಕಾರಣಕ್ಕೆ ಸ್ಪೈನಲ್ ಅಥವಾ ಎಪಿಡ್ಯೂರಲ್ ನಿರಾಕರಿಸಬೇಕಿಲ್ಲ.

* ಹಚ್ಚೆ ಎಲ್ಲಿದೆ, ಯಾವಾಗ ಹಾಕಿಸಿದ್ದು, ಆಗ ಅಲರ್ಜಿ ಅಥವಾ ಕೀವು ಆಗಿತ್ತೇ ಎಂಬುದನ್ನು ಹೆರಿಗೆಗೆ ಮುನ್ನವೇ ವೈದ್ಯರಿಗೆ ತಿಳಿಸಬೇಕು.

* ಬಣ್ಣವಿಲ್ಲದ ಜಾಗದಲ್ಲಿ ಸೂಜಿ ಹಾಕಲು ಸಾಧ್ಯವೇ ಎಂದು ಕೇಳುವ ಹಕ್ಕು ಗರ್ಭಿಣಿಗಿದೆ.

* ಗರ್ಭಿಣಿಯಾಗಿರುವಾಗ ಹೊಸ ಹಚ್ಚೆ ಬೇಡ. ಮುಂದೆ ಹಾಕಿಸುವುದಿದ್ದರೂ ಸೊಂಟದ ನಡುಗೆರೆಯನ್ನು ಬಿಟ್ಟು ಹಾಕಿಸುವುದು ಒಳಿತು.

* ಅರಿವಳಿಕೆಯ ನಂತರ ಜ್ವರ, ದಿನೇದಿನೇ ಹೆಚ್ಚುವ ಬೆನ್ನುನೋವು, ಕಾಲಿನ ಶಕ್ತಿ ಕುಂದುವುದು, ಮೂತ್ರ ಕಟ್ಟುವುದು, ಚುಚ್ಚಿದ ಜಾಗದಲ್ಲಿ ಕೀವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹಚ್ಚೆ ಇರಲಿ, ಇಲ್ಲದಿರಲಿ, ಈ ಮಾತು ಎಲ್ಲರಿಗೂ ಅನ್ವಯ.

ಹರ್ನಿಯಾ, ಮೂಳೆ ಮುರಿತ, ಕೀಲು ಬದಲಾವಣೆಯಂತಹ ಶಸ್ತ್ರಚಿಕಿತ್ಸೆಗಳಿಗೂ ಬೆನ್ನಿನ ಅರಿವಳಿಕೆಯೇ ಬಳಕೆಯಲ್ಲಿರುವುದರಿಂದ, ಸೊಂಟದ ಮೇಲೆ ಹಚ್ಚೆಯಿರುವ ಪುರುಷರೂ ಇದೇ ಕ್ರಮವನ್ನು ಅನುಸರಿಸಬಹುದು.